‘ಪ್ರೈವಸಿ’ಗೆ ಯಾವ ಪದ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಗ್ರಂಥಾಲಯದ ಗೋಡೆಗೆ ಹಾಕಲು ಮೂಲಭೂತ ಹಕ್ಕುಗಳ ಭಿತ್ತಿಪತ್ರ ಮಾಡುತ್ತಿದ್ದೇವೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯ ಹಾಳೆಯಲ್ಲಿ, ಪ್ರೈವಸಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿದ ಪುಟ್ಟಸ್ವಾಮಿ ಪ್ರಕರಣದ ತೀರ್ಪು ಬರುತ್ತದೆ. ತಲೆಬರಹಕ್ಕೆ ‘ಗೌಪ್ಯತೆಯ ಹಕ್ಕು’ ಎಂದು ಬರೆದಿದ್ದೆ. ಕರಡು ತಿದ್ದಿದವರು ಅದನ್ನು ಹೊಡೆದು ‘ಖಾಸಗಿತನದ ಹಕ್ಕು’ ಎಂದು ಮಾಡಿದರು. ಇನ್ನೊಬ್ಬರು ‘ಏಕಾಂತದ ಹಕ್ಕು’ ಚೆನ್ನ ಎನ್ನುತ್ತಾರೆ. ಯಾವುದು ಸರಿ? ಕಾರಣ ಒಂದೇ ಸಾಲಿನಲ್ಲಿದ್ದರೂ ಸಾಕು.

* * *

‘ಗೌಪ್ಯತೆ’ ಎಂಬ ರೂಪವೇ ತಪ್ಪು. ‘ಗೋಪ್ಯ’ದ ಭಾವರೂಪ ‘ಗೌಪ್ಯ’. ಅದರ ಮೇಲೆ ಮತ್ತೆ ‘ತೆ’ ಏಕೆ? ಐಕ್ಯತೆ, ಸೌಜನ್ಯತೆ, ಪ್ರಾಮುಖ್ಯತೆಗಳ ಸಾಲಿಗೆ ಇದೂ ಒಂದು. ‘ಗೋಪ್ಯತೆ’ ಎನ್ನಿ, ಇಲ್ಲವೇ ‘ಗೌಪ್ಯ’ ಎನ್ನಿ. ಈ ಬಳಗದಲ್ಲಿ ಇದನ್ನು ಎಷ್ಟು ಸಲ ಹೇಳಬೇಕು?

* * *

ವ್ಯಾಕರಣ ಒಪ್ಪಿದೆ, ಆದರೆ ಕೇಳಿದ್ದಕ್ಕೆ ಅದು ಉತ್ತರವಲ್ಲ. ‘ಗೋಪ್ಯತೆ’ಗೆ ಸಂವಿಧಾನದಲ್ಲಿ ಈಗಾಗಲೇ ಬೇರೆ ಕೆಲಸವಿದೆ. ಮೂರನೆಯ ಅನುಸೂಚಿ ನೋಡಿ: ಮಂತ್ರಿಗಳು ಸ್ವೀಕರಿಸುವುದು ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ. ಅದು ಸರ್ಕಾರದ ಗುಟ್ಟು ಕಾಯುವ ಮಾತು. ಪುಟ್ಟಸ್ವಾಮಿ ತೀರ್ಪಿನದು ಸರ್ಕಾರದ ಎದುರು ಪ್ರಜೆ ತನ್ನನ್ನು ಕಾಯ್ದುಕೊಳ್ಳುವ ಮಾತು. ಎರಡಕ್ಕೂ ಒಂದೇ ಪದ ಇಟ್ಟರೆ, ಮಾಹಿತಿ ಹಕ್ಕಿನ ಅರ್ಜಿಗೆ ‘ಗೋಪ್ಯ’ ಎಂಬ ಹಿಂಬರಹ ಬಂದಾಗ ಅದು ಕಚೇರಿಯ ಗುಟ್ಟೋ ಯಾರದೋ ಬದುಕಿನ ರಕ್ಷಣೆಯೋ ತಿಳಿಯುವುದು ಹೇಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್, ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶವಿರುವ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿ, ಸಾರ್ವಜನಿಕ ಹಿತದ ಮಾತನ್ನು ಆ ಉಪವಿಧಿಯಿಂದ ತೆಗೆಯಿತು. ಈಗಿನ ಜಗಳವೆಲ್ಲ ಇದೇ ಗೆರೆಯ ಮೇಲೆ.

ಖರಕ್ ಸಿಂಗ್ ಪ್ರಕರಣವನ್ನೇ ತೆಗೆದುಕೊಳ್ಳಿ. ಪೊಲೀಸರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ಬಡಿಯುತ್ತಿದ್ದರು. ಆತನ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಬೇಕಾಗಿಲ್ಲ, ನಿದ್ದೆ ಅವನದು, ಅಷ್ಟೆ. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಭೇಟಿಯನ್ನು ರದ್ದು ಮಾಡಿತು, ಆದರೆ ಪ್ರೈವಸಿ ಮೂಲಭೂತ ಹಕ್ಕಲ್ಲ ಎಂದಿತು. ಆ ಮಾತನ್ನು ತಳ್ಳಿಹಾಕಲು 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪಿನವರೆಗೆ ಕಾಯಬೇಕಾಯಿತು. ಅರ್ಜಿದಾರ ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹಕ್ಕನ್ನು ಎತ್ತಿಹಿಡಿದರು. ಮೈ, ಮಾಹಿತಿ, ಆಯ್ಕೆ ಮೂರೂ ಅದರೊಳಗಿವೆ. ಯಾರನ್ನು ಮದುವೆಯಾಗಬೇಕು ಎಂಬುದೂ ಅದರಲ್ಲಿ ಸೇರಿದೆ. ಮದುವೆಯನ್ನು ಊರೆಲ್ಲ ಕರೆದೇ ಮಾಡಿಕೊಳ್ಳುತ್ತಾರೆ, ಅದರಲ್ಲಿ ಗೋಪ್ಯವೇನಿದೆ? ‘ಏಕಾಂತ’ವೂ ಸಾಲದು. ಸಂತೆಯ ನಡುವೆ ನಿಂತವನಿಗೂ ಈ ಹಕ್ಕು ಇದೆ. ‘ಖಾಸಗಿತನ’ ಬರೆಯಿರಿ.

* * *

‘ಖಾಸಗಿ’ ಪಾರಸಿಯಿಂದ ಬಂದದ್ದು. ನಮ್ಮೂರಿನಲ್ಲಿ ‘ಕಾಸಗಿ’ ಎನ್ನುತ್ತಾರೆ, ಆ ‘ಖ’ ಯಾರ ನಾಲಿಗೆಯಲ್ಲೂ ಇಲ್ಲ. ಖಾಸಗಿ ಬಸ್ಸು, ಖಾಸಗಿ ಶಾಲೆ, ಖಾಸಗೀಕರಣ ಎಂದರೆ ನೆನಪಾಗುವುದು ಒಡೆಯ. ಆಳಿಗೆ ಅದರಲ್ಲಿ ಎಡೆ ಎಲ್ಲಿ? ಕನ್ನಡದ್ದೇ ‘ಮರೆ’ ಇದೆ. ‘ಬಟ್ಟೆ ಬದಲಿಸಲು ಒಂದಿಷ್ಟು ಮರೆ ಬೇಡವೇ’ ಎನ್ನುವ ಹೆಂಗಸಿಗೆ ತೀರ್ಪು ಓದದೆಯೂ ಇದು ಗೊತ್ತು. ‘ಮರೆಯ ಹಕ್ಕು’ ಎನ್ನಿ. ಮನೆಯಲ್ಲೇ ಇರುವುದನ್ನು ಬಿಟ್ಟು ಕಂಡವರ ಮನೆಗೆ ಕೈಗಡಕ್ಕೆ ಹೋಗುವ ಚಾಳಿ ಯಾವಾಗ ಬಿಡುತ್ತೇವೆ?

* * *

‘ಮರೆಯ ಹಕ್ಕು’ ನಡೆಯದು. ಅಂತರಜಾಲದ ಹುಡುಕಾಟದಿಂದ ತನ್ನ ಹೆಸರು ಅಳಿಯಬೇಕೆಂಬ ಹಕ್ಕು ಇನ್ನೊಂದಿದೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಒಬ್ಬ ಹೆಣ್ಣುಮಗಳ ಹೆಸರು ಹಾಗೆ ಕಾಣದಂತೆ ನೋಡಿಕೊಳ್ಳಲು ಹೇಳಿತು. ಅದನ್ನು ‘ಮರೆಯಲ್ಪಡುವ ಹಕ್ಕು’, ‘ಮರೆವಿನ ಹಕ್ಕು’ ಎಂದು ಬರೆಯುತ್ತಿದ್ದಾರೆ. ಪಕ್ಕದಲ್ಲಿ ‘ಮರೆಯ ಹಕ್ಕು’ ಇಟ್ಟರೆ ಓದುವವರ ಗತಿ?

ಇನ್ನು ಪಾರಸಿಯ ಮಾತು. ‘ಹಕ್ಕು’ ಎಲ್ಲಿಂದ ಬಂತು? ಅರಬ್ಬಿಯಿಂದ. ಕಾನೂನು, ವಕೀಲ, ಅರ್ಜಿ, ಜಾಮೀನು, ಇವನ್ನೆಲ್ಲ ಹೊರಗೆ ಹಾಕಿ ಕೋರ್ಟಿನಲ್ಲಿ ಒಂದು ದಿನ ಮಾತಾಡಿ ತೋರಿಸಿ. ‘ಹುಷಾರಿತನ’ಕ್ಕೆ ಕನ್ನಡದ ‘ತನ’ ಹತ್ತಿದಾಗ ಯಾರೂ ಅಳಲಿಲ್ಲ.

* * *

‘ಹಕ್ಕು’ ಅರಬ್ಬಿ ಎಂಬುದು ನನಗೂ ಗೊತ್ತು. ಹಳೆಯ ಸಾಲ ಇದೆ ಎಂದು ಹೊಸದನ್ನೂ ಮಾಡಬೇಕೆ?

* * *

ಖಾಸಗಿ ಹೊಸ ಸಾಲವಲ್ಲ. ನಿಮ್ಮ ಅಜ್ಜನೂ ಆಡಿದ ಪದ.

* * *

ಅಜ್ಜ ಆಡಿದ್ದೆಲ್ಲ ಕನ್ನಡವಾದರೆ ಈ ಬಳಗವೇ ಬೇಡ. ನನ್ನ ಮಾತು ಮುಗಿಯಿತು.

* * *

ಎಲ್ಲರಿಗೂ ಕೃತಜ್ಞತೆ. ‘ಖಾಸಗಿತನದ ಹಕ್ಕು’ ಎಂದು ಅಚ್ಚಿಗೆ ಕೊಟ್ಟೆ. ಪ್ರಮಾಣವಚನದ ಉದಾಹರಣೆ ಸಿಕ್ಕ ಮೇಲೆ ‘ಗೌಪ್ಯತೆ’ ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಮಾಲೀಕನ ನೆನಪಾಗುತ್ತದೆ ಎಂಬ ಆಕ್ಷೇಪ ಸರಿಯೆನಿಸಿದ್ದರಿಂದ ಕೆಳಗೆ ಸಣ್ಣಕ್ಷರದಲ್ಲಿ ‘ನಿಮ್ಮ ಮೈ, ನಿಮ್ಮ ಮಾಹಿತಿ, ನಿಮ್ಮ ಆಯ್ಕೆ’ ಎಂದು ಸೇರಿಸಿದ್ದೇನೆ. ಮುಂದಿನ ಹಾಳೆಯಲ್ಲಿ ‘ಡಿಗ್ನಿಟಿ’ ಬರುತ್ತದೆ. ಘನತೆಯೋ, ಮರ್ಯಾದೆಯೋ? ಅದು ಶುಕ್ರವಾರದೊಳಗೆ ಬೇಕು.