ಕೆನಡಾ ರೈಲ್ವೆ: ಒಟ್ಟಾವದ (ಕೇಂದ್ರ ಸರ್ಕಾರದ) ಕಾನೂನೋ, ಪ್ರಾಂತ್ಯದ್ದೋ?

ಪ್ರಶ್ನೆ: ಒಂಟಾರಿಯೊದೊಳಗೇ ಓಡುವ ಶಾರ್ಟ್‌ಲೈನ್ (ಕಡಿಮೆ ದೂರದ ಸ್ಥಳೀಯ) ರೈಲ್ವೆಯ ನೌಕರರಿಗೆ ಕೇಂದ್ರದ ಕಾರ್ಮಿಕ ಕಾನೂನಾದ ಕೆನಡಾ ಲೇಬರ್ ಕೋಡ್ ಅನ್ವಯಿಸುತ್ತದಾ? ಡ್ಯೂಟಿ ಅವಧಿ ಎಷ್ಟು?

ಉತ್ತರ 1: ಸಾಮಾನ್ಯವಾಗಿ ಇಲ್ಲ. 1867ರ ಸಂವಿಧಾನ ಕಾಯ್ದೆಯ 92(10)ರ ಪ್ರಕಾರ ಪ್ರಾಂತ್ಯದ ಗಡಿ ದಾಟುವ ರೈಲ್ವೆ ಒಟ್ಟಾವದ್ದು, ಒಳಗೇ ಉಳಿಯುವುದು ಪ್ರಾಂತ್ಯದ್ದು. ಒಂಟಾರಿಯೊದಲ್ಲಿ 1995ರ ಶಾರ್ಟ್‌ಲೈನ್ ರೈಲ್ವೇಸ್ ಆ್ಯಕ್ಟ್ ಕೆಳಗೆ ಲೈಸೆನ್ಸ್ ಬೇಕು. ಹಾಗಾಗಿ ಮೊದಲು ಕಂಪನಿಯ ಲೈಸೆನ್ಸ್ ಯಾರು ಕೊಟ್ಟದ್ದು ಅಂತ ನೋಡಿ. ಊಹೆ ಮಾಡಬೇಡಿ, ಎಡವುವುದೇ ಇಲ್ಲಿ.

ಉತ್ತರ 2: ಫೆಡರಲ್ (ಕೇಂದ್ರದ ವ್ಯಾಪ್ತಿಯ) ಗೂಡ್ಸ್ ರೈಲುಗಳಿಗೆ 2023ರ ಮೇ 25ರಿಂದ ಡ್ಯೂಟಿ ಗರಿಷ್ಠ 12 ಗಂಟೆ, ಮೊದಲು 16 ಇತ್ತು. ವಿಶ್ರಾಂತಿ ಸ್ವಂತ ಟರ್ಮಿನಲ್‌ನಲ್ಲಿ 12, ಹೊರಗೆ 10 ಗಂಟೆ. ಅಪಾಯದ ಕೆಲಸ ನಿರಾಕರಿಸಲು ಲೇಬರ್ ಕೋಡ್‌ನ 128ನೇ ಸೆಕ್ಷನ್.

ಉತ್ತರ 3: ಗಂಟೆ ಸರಿ, ಬ್ರೇಕ್ ಮರೀಬೇಡಿ ಸರ್. 2013ರಲ್ಲಿ ಕ್ವಿಬೆಕ್‌ನ ಲಾಕ್-ಮೆಗಾಂಟಿಕ್‌ನಲ್ಲಿ ನಿಲ್ಲಿಸಿದ್ದ ರೈಲು ಉರುಳಿ 47 ಜನ ಸತ್ತರು. ಏಳೇ ಹ್ಯಾಂಡ್‌ಬ್ರೇಕ್ ಹಾಕಿದ್ದರು. ತನಿಖೆ ಹೇಳಿದ್ದು ಕನಿಷ್ಠ 17 ಬೇಕಿತ್ತು ಅಂತ. ಎಂಜಿನ್‌ನ ಏರ್ ಬ್ರೇಕ್ (ಗಾಳಿಯ ಒತ್ತಡದ ಬ್ರೇಕ್) ಸಡಿಲಿಸದೆಯೇ ಹ್ಯಾಂಡ್‌ಬ್ರೇಕ್ ಪರೀಕ್ಷಿಸಿದ್ದರಿಂದ ರೈಲು ನಿಂತಂತೆ ಕಂಡಿತು. ಎಂಜಿನ್ ಆಫ್ ಆಗಿ ಗಾಳಿ ಸೋರಿದ ಮೇಲೆ ಇಳಿಜಾರಿನಲ್ಲಿ ಉರುಳಿತು. ಏರ್ ಬ್ರೇಕ್ ಸಡಿಲಿಸಿಯೇ ಹ್ಯಾಂಡ್‌ಬ್ರೇಕ್ ಪರೀಕ್ಷಿಸಬೇಕು.