ಸೆನೆಟರ್ ಆಡಿದ ಮಾತು, ಹಾಕಿದ ಮತ: ಮಾಜಿ ಸೈನಿಕರ ಕಾಯ್ದೆಯ ವಿಷಯದಲ್ಲಿ ಹೋಲಿಸುವುದು ಹೇಗೆ?

ಪ್ರಶ್ನೆ

ನಾನು ಹಾಸನ ಜಿಲ್ಲೆಯವನು, ಅಮೆರಿಕಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ನನ್ನ ಮಗ ಇಲ್ಲಿಯ ಸೇನೆಗೆ ಸೇರಿ 2007ರಲ್ಲಿ ಇರಾಕಿನ ಬಲಾದ್ ನೆಲೆಯಲ್ಲಿದ್ದ. ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆಯ ಕಸ ಎಲ್ಲವನ್ನೂ ವಿಮಾನದ ಇಂಧನ ಸುರಿದು ಬಯಲಿನಲ್ಲಿ ಸುಡುತ್ತಿದ್ದ ಗುಂಡಿ ಅವನು ಮಲಗುತ್ತಿದ್ದ ಜಾಗಕ್ಕೆ ದೂರವಿರಲಿಲ್ಲ. ರಜೆಗೆ ಬಂದಾಗ ಅವನ ಚೀಲದಲ್ಲಿದ್ದ ಬಟ್ಟೆಗಳನ್ನು ನನ್ನ ಹೆಂಡತಿ ಮೂರು ಸಲ ಒಗೆದರೂ ಸುಟ್ಟ ಟೈರಿನ ವಾಸನೆ ಹೋಗಿರಲಿಲ್ಲ. ಈಗ ಅವನು ಮಹಡಿ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ.

ಅಂಥ ಹೊಗೆ ಕುಡಿದವರ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ಬಂದ ಪ್ಯಾಕ್ಟ್ ಕಾಯ್ದೆಗೆ 2022ರ ಆಗಸ್ಟ್ 10ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು. ನಮ್ಮ ಸೆನೆಟರ್ (ಇಲ್ಲಿಯ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರು) ತಾವು ಅದರ ಪರವಾಗಿ ಮತ ಹಾಕಿದ್ದಾಗಿ ಪತ್ರಗಳಲ್ಲಿ ಬರೆಯುತ್ತಾರೆ. ದಾಖಲೆ ನೋಡಿದರೆ ಜೂನ್ 16ರಂದು ಪರ, ಜುಲೈ 27ರಂದು ವಿರುದ್ಧ, ಆಗಸ್ಟ್ 2ರಂದು ಮತ್ತೆ ಪರ ಎಂದಿದೆ. ಇದರಲ್ಲಿ ಯಾವುದನ್ನು ಅವರ ನಿಲುವೆಂದು ತಿಳಿಯಬೇಕು? ಮುಂದಿನ ತಿಂಗಳು ನಮ್ಮ ಊರಿನ ಸಭೆಗೆ ಅವರು ಬರುತ್ತಿರುವುದರಿಂದ, ಅನ್ಯಾಯವಾಗದಂತೆ ಪ್ರಶ್ನೆ ಕೇಳಬೇಕೆಂದಿದ್ದೇನೆ.

ಮೊದಲ ಉತ್ತರ

ಪ್ರತಿ ಮತದ ದಿನ ಸದನದ ಮುಂದೆ ಇದ್ದ ಪ್ರಶ್ನೆ ಏನು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ; ಅದಿಲ್ಲದೆ ಪರ, ವಿರುದ್ಧ ಎಂಬ ಪದಗಳಿಗೆ ಅರ್ಥವಿರುವುದಿಲ್ಲ. ಜೂನ್ 16ರಂದು ಸೆನೆಟ್ ಮಸೂದೆಯನ್ನೇ 84–14ರಿಂದ ಅಂಗೀಕರಿಸಿತ್ತು. ಜುಲೈ 27ರಂದು ಕೇಳಿದ್ದು ಚರ್ಚೆ ಮುಗಿಸಿ ಅಂತಿಮ ಮತಕ್ಕೆ ಹೋಗೋಣವೇ ಎಂದು. ಅದಕ್ಕೆ 60 ಮತ ಬೇಕಿತ್ತು, ಸಿಕ್ಕಿದ್ದು 55, ವಿರುದ್ಧ ಬಿದ್ದದ್ದು 42. ಆ 42ರಲ್ಲಿ ಆಗ ಬಹುಮತ ಪಕ್ಷದ ನಾಯಕರಾಗಿದ್ದ, ಮಸೂದೆಯ ಪರವಾಗಿದ್ದ ಚಕ್ ಶೂಮರ್ ಅವರದೂ ಒಂದು. ಸೋತ ಗೊತ್ತುವಳಿಯನ್ನು ಮರುಪರಿಶೀಲನೆಗೆ ತರುವ ಹಕ್ಕು ಉಳಿಯಲೆಂದು ನಾಯಕರು ಹೀಗೆ ಮತ ಬದಲಿಸುವುದು ಸೆನೆಟ್‌ನ ರೂಢಿ. ದಾಖಲೆಯನ್ನಷ್ಟೇ ಎಣಿಸುವವರು ಅವರನ್ನೂ ಮಾಜಿ ಸೈನಿಕರ ವಿರೋಧಿ ಎಂದು ಬರೆದುಬಿಡುತ್ತಾರೆ.

ಇನ್ನೊಂದು ಎಚ್ಚರಿಕೆ ಮಸೂದೆಯ ಸಂಖ್ಯೆಯದು. ಜೂನ್‌ನಲ್ಲಿ ಮತಕ್ಕೆ ಬಂದದ್ದು ಕೆಳಮನೆಯಾದ ಪ್ರತಿನಿಧಿ ಸಭೆಯ 3967ನೇ ಮಸೂದೆ. ಕೊನೆಗೆ ಕಾಯ್ದೆಯಾದದ್ದು ಸೆನೆಟ್‌ನ 3373ನೇ ಮಸೂದೆ. ಒಂದೇ ಸಂಖ್ಯೆಯನ್ನು ಹುಡುಕಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಸಂಖ್ಯೆ ಏಕೆ ಬದಲಾಯಿತು ಎಂಬುದರಲ್ಲೇ ನಿಮಗೆ ಬೇಕಾದ ಉತ್ತರವೂ ಇದೆ. ಹಳ್ಳಿಗಾಡಿನಲ್ಲಿ ಮಾಜಿ ಸೈನಿಕರಿಗೆ ಚಿಕಿತ್ಸೆ ನೀಡುವ ವೈದ್ಯಕೀಯ ಸಿಬ್ಬಂದಿಗೆ ಸಂಬಂಧಿಸಿದ, ಸೆನೆಟ್ ಸೇರಿಸಿದ ಒಂದು ಸಣ್ಣ ತೆರಿಗೆ ಅಂಶ ಜೂನ್‌ನ ಪಠ್ಯದಲ್ಲಿತ್ತು. ತೆರಿಗೆಯ ವಿಷಯ ಪ್ರತಿನಿಧಿ ಸಭೆಯಲ್ಲೇ ಹುಟ್ಟಬೇಕೆಂಬುದು ಅಲ್ಲಿಯ ಸಂವಿಧಾನದ ನಿಯಮವಾದ್ದರಿಂದ ಅದನ್ನು ತೆಗೆದು, ಉಳಿದ ಪಠ್ಯವನ್ನು 3373ನೇ ಮಸೂದೆಯಾಗಿ ಜುಲೈ 13ರಂದು ಪ್ರತಿನಿಧಿ ಸಭೆ 342–88ರಿಂದ ಒಪ್ಪಿ ಸೆನೆಟ್‌ಗೆ ಮರಳಿ ಕಳಿಸಿತು. ಜುಲೈ 27ರಂದು ವಿರೋಧಿಸಿದವರು ಮುಖ್ಯವಾಗಿ ಕೊಟ್ಟ ಕಾರಣ ಬೇರೆ: ಹತ್ತು ವರ್ಷಗಳಲ್ಲಿ ಸುಮಾರು 400 ಬಿಲಿಯನ್ ಡಾಲರ್ ವೆಚ್ಚವನ್ನು ವರ್ಷವರ್ಷವೂ ಮಂಜೂರಾತಿ ಬೇಕಾದ ವರ್ಗದಿಂದ ಕಡ್ಡಾಯ ವೆಚ್ಚದ ವರ್ಗಕ್ಕೆ ಸರಿಸಲಾಗಿದೆ, ಖಾಲಿಯಾದ ಜಾಗದಲ್ಲಿ ಬೇರೆ ಖರ್ಚು ನುಗ್ಗುತ್ತದೆ ಎಂಬುದು. ವಾದದಲ್ಲಿ ತಿರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ಅಂಶ ಜೂನ್ 16ರ ಪಠ್ಯದಲ್ಲೂ ಇತ್ತು. ಈ ಆಕ್ಷೇಪಣೆಯ ಮುಂದಾಳಾಗಿದ್ದ, ಆಗ ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಸೆನೆಟರ್ ಆಗಿದ್ದ ಪ್ಯಾಟ್ ಟೂಮಿ ಜೂನ್‌ನಲ್ಲಿಯೂ ವಿರುದ್ಧವೇ ಮತ ಹಾಕಿದ್ದರು, ಆಗಸ್ಟ್ 2ರಂದು 86–11ರಿಂದ ಮಸೂದೆ ಗೆದ್ದಾಗಲೂ ಹನ್ನೊಂದು ಜನರಲ್ಲಿ ಒಬ್ಬರಾಗಿದ್ದರು. ನನಗೆ ಅವರ ನಿಲುವು ಒಪ್ಪಿಗೆಯಿಲ್ಲ, ಆದರೂ ಅವರ ಮಾತಿಗೂ ಮತಕ್ಕೂ ತಾಳೆಯಿದೆ. ಜೂನ್‌ನಲ್ಲಿ ಒಪ್ಪಿ ಜುಲೈನಲ್ಲಿ ತಿರುಗಿದ 25 ರಿಪಬ್ಲಿಕನ್ ಸದಸ್ಯರ ವಿಷಯ ಹಾಗಲ್ಲ, ನಿಮ್ಮ ಸೆನೆಟರ್ ಆ ಪಟ್ಟಿಯಲ್ಲಿದ್ದಾರೆ.

ಎರಡನೆಯ ಉತ್ತರ

ನಾನು ಭಾರತೀಯ ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿ ನಿವೃತ್ತನಾದ ಕೊಡಗಿನವನು. ನಿಮ್ಮ ಪ್ರಶ್ನೆ ಓದುವಾಗ, ಇಂಥದೊಂದು ಪಟ್ಟಿ ಮಾಡುವ ಅವಕಾಶವೇ ನಮಗಿಲ್ಲವಲ್ಲ ಎನ್ನಿಸಿತು. ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ಸೇವೆ ಸಲ್ಲಿಸಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಒಂದೇ ಪಿಂಚಣಿ ಎಂಬ ‘ಒಂದು ಶ್ರೇಣಿ, ಒಂದು ಪಿಂಚಣಿ’ಯನ್ನು ಜಾರಿಗೆ ತರಬೇಕೆಂದು ರಾಜ್ಯಸಭೆಯ ಅರ್ಜಿಗಳ ಸಮಿತಿ 2011ರ ಡಿಸೆಂಬರ್‌ನಲ್ಲಿಯೇ ಶಿಫಾರಸು ಮಾಡಿತ್ತು. 2015ರಲ್ಲಿ ನಮ್ಮವರು ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕುಳಿತರು. ಸೆಪ್ಟೆಂಬರ್ 5ರಂದು ಘೋಷಣೆಯಾಯಿತು, ನವೆಂಬರ್ 7ರಂದು ರಕ್ಷಣಾ ಸಚಿವಾಲಯದ ಪತ್ರ ಹೊರಟಿತು. ಪತ್ರದಿಂದ ಬಂದ ಸೌಲಭ್ಯವಾದ್ದರಿಂದ ನನ್ನ ಸಂಸದರು ಅದರ ಮೇಲೆ ಮತ ಹಾಕುವ ಪ್ರಸಂಗವೇ ಬರಲಿಲ್ಲ. ಮಸೂದೆ ಬಂದರೂ ಬಹುಪಾಲು ಧ್ವನಿಮತದಲ್ಲಿ ಮುಗಿಯುತ್ತದೆ, ವಿಭಜನೆ, ಅಂದರೆ ಮತ ಎಣಿಕೆ, ಕೇಳಿದರೆ ಪಕ್ಷದ ವಿಪ್ ಇರುತ್ತದೆ. ಆದ್ದರಿಂದ ನಾನು ನನ್ನ ಸಂಸದರು ಕೇಳಿದ ಪ್ರಶ್ನೆಗಳನ್ನಷ್ಟೇ ಲೋಕಸಭೆಯ ಜಾಲತಾಣದಲ್ಲಿ ಹುಡುಕಿ ನೋಡುತ್ತೇನೆ. ನಿಮ್ಮಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮತ ಬರೆದಿರುತ್ತದೆ. ಅದನ್ನು ಪೂರ್ತಿ ಬಳಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಎರಡೂ ಪಠ್ಯಗಳನ್ನು ಮುದ್ರಿಸಿಕೊಂಡು ಮಗನೊಂದಿಗೆ ಅಡುಗೆಮನೆಯ ಮೇಜಿನ ಮೇಲೆ ಸಾಲುಸಾಲಾಗಿ ಹೋಲಿಸಿದೆವು. ವೆಚ್ಚದ ಅಂಶ ಎರಡರಲ್ಲೂ ಒಂದೇ ತೆರನಾಗಿದೆ. ಜುಲೈ 27ರ ನಂತರದ ದಿನಗಳಲ್ಲಿ ಸಂಸತ್ ಭವನದ ಮೆಟ್ಟಿಲುಗಳ ಮೇಲೆ ಹಗಲಿರುಳು ಕುಳಿತವರಲ್ಲಿ ಅವನ ಗೆಳೆಯನೂ ಒಬ್ಬನೆಂದು ಅವನು ಅಂದೇ ಮೊದಲ ಬಾರಿಗೆ ಹೇಳಿದ. ಸಭೆಯಲ್ಲಿ ನಾನು ಕೇಳಲಿರುವುದು ಇಷ್ಟು: “ಜುಲೈ 27ರಂದು ನೀವು ಯಾವ ಸಾಲನ್ನು ಒಪ್ಪಲಿಲ್ಲವೋ, ಅದೇ ಸಾಲಿಗೆ ಜೂನ್ 16ರಂದು ಏಕೆ ಒಪ್ಪಿದ್ದಿರಿ?” ಅವರು ಕೊಟ್ಟ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.