ಅಪ್‌ಡೇಟ್: ಗೋಸುಂಬೆ ಮರಿ ದೊಡ್ಡ ಗೂಡಿಗೆ ಹೋಯಿತು

ಕಳೆದ ತಿಂಗಳು ಕೇಳಿದ್ದೆ, ನೆನಪಿದೆಯಾ? ನಾಲ್ಕು ತಿಂಗಳ ಮರಿ, ಎರಡಡಿ ಎತ್ತರದ ಗೂಡಲ್ಲಿದೆ, ದೊಡ್ಡದಕ್ಕೆ ಯಾವಾಗ ಹಾಕಲಿ ಅಂತ. ತಾನೇ ಹುಳ ಹುಡುಕಿ ತಿನ್ನುವಂತಾದರೆ ಸಾಕು ಅಂದರು ಕೆಲವರು, ಆರು ತಿಂಗಳಾಗಲಿ ಅಂದರು ಇನ್ನು ಕೆಲವರು. ಅಂದಹಾಗೆ, ಇದು ನಮ್ಮ ಬೇಲಿ ಮೇಲಿನ ಗೋಸುಂಬೆ ಅಲ್ಲ, ಅದನ್ನು ಸಾಕುವ ಹಾಗಿಲ್ಲ. ಇದು ಯೆಮೆನ್ ಕಡೆಯ ‘ವೇಲ್ಡ್ ಕೆಮೀಲಿಯನ್’ (veiled chameleon) ಅನ್ನೋ ಜಾತಿ, ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿದೆ.

ಐದು ತಿಂಗಳು ತುಂಬಿದ ಮೇಲೆ ಹಾಕಿಯೇ ಬಿಟ್ಟೆ. ಇಲ್ಲೇ ತುಮಕೂರಿನಲ್ಲಿ ನಾಲ್ಕಡಿ ಎತ್ತರದ ಫ್ರೇಮ್ ಮಾಡಿಸಿ ಜಾಲರಿ ಬಿಗಿಸಿದೆ. ಹಳೇ ಗೂಡಿನ ಸೀಬೆ ರೆಂಬೆಗಳನ್ನೂ ದಾಸವಾಳದ ಕುಂಡವನ್ನೂ ಹಾಗೇ ಇಟ್ಟೆ. ಆದರೂ ಮೊದಲ ಎರಡು ದಿನ ಮೈಯೆಲ್ಲ ಕಪ್ಪಗೆ ಮಾಡಿಕೊಂಡು ಮೂಲೆಯ ಎಲೆ ಹಿಂದೆ ಕೂತಿತ್ತು. ಊಟವೂ ಇಲ್ಲ. ನನಗೆ ಕೈಕಾಲೇ ಆಡಲಿಲ್ಲ.

ತಪ್ಪು ನನ್ನದೇ. ಕ್ರಿಕೆಟ್ ಹುಳಗಳನ್ನು ಸುಮ್ನೆ ಒಳಗೆ ಬಿಟ್ಟಿದ್ದೆ. ಅಷ್ಟು ಜಾಗದಲ್ಲಿ ಅದಕ್ಕೆ ಕಾಣಲೇ ಇಲ್ಲ. ರಾತ್ರಿ ನಾಲ್ಕೈದು ಹುಳ ಅಡುಗೆಮನೆಗೆ ಬಂದು ಕಿರ್ರೆಂದಿದ್ದಕ್ಕೆ ಅಮ್ಮನಿಂದ ಬೈಸಿಕೊಂಡಿದ್ದು ಬೇರೆ. ಮೂರನೇ ದಿನ ಹುಳಗಳನ್ನು ಹಳೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮರಿ ಕೂರುವ ರೆಂಬೆ ಪಕ್ಕದಲ್ಲೇ ಕಟ್ಟಿದೆ. ಒಂದು ಕಣ್ಣು ಇತ್ತ ತಿರುಗಿತು, ಆಮೇಲೆ ಇನ್ನೊಂದು. ಪಟ್ ಅಂತ ನಾಲಿಗೆ ಬಂತು!

ಬಿಸಿ ದೀಪಕ್ಕೆ ತೀರಾ ಹತ್ತಿರವಿದ್ದ ಮೇಲಿನ ರೆಂಬೆಯನ್ನೂ ಇಳಿಸಿದೆ, ಬೆನ್ನು ಸುಟ್ಟೀತು ಅಂತ. ಬಟ್ಟಲಲ್ಲಿ ನೀರಿಟ್ಟರೆ ಕುಡಿಯುವ ಪ್ರಾಣಿ ಅಲ್ಲ, ಎಲೆ ಮೇಲಿನ ಹನಿ ನೆಕ್ಕುತ್ತದೆ. ಗೂಡು ದೊಡ್ಡದಾದ ಮೇಲೆ ಸ್ಪ್ರೇ ಹೊಡೆಯುವುದು ಜಾಸ್ತಿಯಾಗಿದೆ. ಈಗ ಮೈ ಮತ್ತೆ ಹಸಿರು.